ಶಾಂತಾಬಾಯಿಯವರ ಸ್ಟೀಲ್ ಬಟ್ಟಲು

ಸ್ಟೀಲಿನ ಬಟ್ಟಲು ಬಹಳ ನಿರುಪದ್ರವಿ ವಸ್ತುವೆಂದು ನಿಮ್ಮಂತೆ ನಾನೂ ನಂಬಿದ್ದೆ. ನನ್ನದಲ್ಲದ ಬಟ್ಟಲೊಂದು ನನ್ನ ಅಡುಗೆಕಟ್ಟೆಯ ಮೇಲೆ ಖಾಲಿ ಕುಳಿತು, ಬಾಯಿ ತೆರೆದು ನನ್ನನ್ನೇ ದಿಟ್ಟಿಸುವವರೆಗೆ ಆ ನಂಬಿಕೆ ಉಳಿದಿತ್ತು.

ನನ್ನ ಮನೆ, ಮಡದಿ ಇರುವುದು ಬಸವಕಲ್ಯಾಣದಲ್ಲಿ. ಬೆಳಗಿನ ಮೊದಲ ತರಗತಿಯ ದೆಸೆಯಿಂದ ನಾನು ವಾರವಿಡೀ ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿರುವ ಕಾಲೇಜು ಮಾಸ್ತರ. ಊಟವೆಲ್ಲ ಹೋಟೆಲಿನಲ್ಲಿ. ಅಲ್ಲಿಯವರು ಎಣ್ಣೆಯ ವಿಷಯದಲ್ಲಿ ಎಂದೂ ಜಿಪುಣತನ ತೋರಿದವರಲ್ಲ; ಹೀಗಾಗಿ ನನ್ನ ಉದರ ಉನ್ನತಿಯನ್ನೂ ಜೇಬು ಅವನತಿಯನ್ನೂ ಹೊಂದಿ, ರಕ್ತಕ್ಕೆ ಸಕ್ಕರೆ ಸೇರಿತು. “ಮುಂದಿನ ತಪಾಸಣಿಯೊಳಗ ಇಳೀಲಿಲ್ಲಂದ್ರ ದಿನಾ ಸೂಜಿ ಚುಚ್ಕೋಬೇಕಾಗ್ತದ ನೋಡ್ರಿ” ಎಂದರು ಡಾಕ್ಟರು. ಅಂಗಿಯ ಗುಂಡಿ ಕಿತ್ತುಹೋದರೆ ಸೂಜಿ ಹಿಡಿಯಲಾರದೆ, ಎದೆಯ ಮೇಲೆ ಕೈಯಿಟ್ಟುಕೊಂಡೇ ಪಾಠ ಮುಗಿಸಿದ ವೀರ ನಾನು.

ಅಂದೇ ಸ್ವಯಂಪಾಕದ ದೀಕ್ಷೆ ತೊಟ್ಟೆ. ಕುಕ್ಕರಿನಲ್ಲಿ ಜೋಳದ ನುಚ್ಚು, ಬೇಳೆ, ಸೊಪ್ಪು. ಖರ್ಚೂ ಇಳಿಯಿತು, ಹೊಟ್ಟೆಯೂ ಹಗುರಾಯಿತು. ಭಲೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿರುವಾಗ ಪಕ್ಕದ ಮನೆಯ, ನಾನು ಅತ್ತಿಗೆಯೆಂಬಂತೆ ‘ವೈನಿ’ ಎನ್ನುವ ಶಾಂತಾಬಾಯಿ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ತುಪ್ಪ ಸುರಿದ ಹೋಳಿಗೆ.

“ತಗೋರಿ ಸರ್ರ, ನಾಚ್ಕೋಬ್ಯಾಡ್ರಿ.”

ಕಾಯಿಲೆಯ ಮಾತು ಹೇಳಲು ಅಭಿಮಾನ ಅಡ್ಡ ಬಂತು. ತಿನ್ನಲು ಯಾವುದೂ ಅಡ್ಡ ಬರಲಿಲ್ಲ. ಬಟ್ಟಲು ತೊಳೆದಿಟ್ಟ ಮೇಲೆ ಪೇಚಿಗೆ ಸಿಕ್ಕೆ. ನಮ್ಮ ಕಡೆ ಕೊಟ್ಟ ಬಟ್ಟಲನ್ನು ಖಾಲಿ ಮರಳಿಸುವಂತಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನನ್ನ ರಕ್ತದಲ್ಲಲ್ಲದೆ ಆ ಕೋಣೆಯಲ್ಲಿ ಬೇರೆಲ್ಲೂ ಸಕ್ಕರೆ ಇರಲಿಲ್ಲ. ಸಪ್ಪೆ ನುಚ್ಚು ತುಂಬಿ ಕೊಡುವ ಧೈರ್ಯವಾಗದೆ, ಬಜಾರಿಗೆ ಓಡಿ ಪೇಡೆ ತಂದು ತುಂಬಿದೆ. ಪೇಡೆಗೆ ಪ್ರತ್ಯುತ್ತರವಾಗಿ ಮರುದಿನ ಭಜಿ ಬಂತು. ಭಜಿಗೆ ನಾನು ಜಿಲೇಬಿ ಕಳಿಸಿದೆ. ಜಿಲೇಬಿಗೆ ಶೇಂಗಾ ಹೋಳಿಗೆ ಬಂತು. ಹೋಟೆಲಿನ ಕಾಲವೇ ಸೋವಿಯೆನ್ನಿಸಿತು. ತಪಾಸಣೆಯ ದಿನ ಹತ್ತಿರ ಬಂದಂತೆ ಕನಸಿನ ಹೋಳಿಗೆಯಲ್ಲೂ ಸೂಜಿ ಕಾಣತೊಡಗಿತು.

ಕೊನೆಗೆ ಮಾನ ಬಿಟ್ಟು ಕೇಳಿಯೇಬಿಟ್ಟೆ. “ವೈನಿ, ದಿನಾ ಯಾಕ ಕಳಸಾಕತ್ತೀರಿ?”

“ಮತ್ತೇನ್ ಮಾಡ್ಲಿರಿ? ನಿಮ್ಮ ಮನ್ಯಾಗ ಬರೇ ಕುಕ್ಕರ್ ಸೀಟಿ ಹೊಡೀತದ, ರೊಟ್ಟಿ ಬಡಿಯೋ ಸಪ್ಪಳಾನೇ ಇಲ್ಲ. ಗ್ವಾಡಿ ಆಚೀಕಡಿ ಒಬ್ಬ ಮನಶ್ಯಾ ಉಪವಾಸ ಕುಂತಾನಂದ್ರ ನಂಗ ತುತ್ತು ಹ್ಯಾಂಗ ಇಳೀಬೇಕ್ರಿ?”

ನನ್ನ ಕಣ್ಣು ತುಂಬಿ ಬಂತು. ನುಚ್ಚು, ಬೇಳೆ ಗಡದ್ದಾಗಿ ತಿಂದು ತೇಗುತ್ತಿದ್ದ ನಾನು ಅವರ ಲೆಕ್ಕದಲ್ಲಿ ಇಷ್ಟು ದಿನ ನಿರಾಹಾರಿ! ಸಕ್ಕರೆಯ ಗುಟ್ಟನ್ನೂ ಸೂಜಿಯ ಭಯವನ್ನೂ ಒಪ್ಪಿಸಿದೆ. “ಅಯ್ಯ, ಮೊದಲೇ ಹೇಳೂದಲ್ರಿ!” ಎಂದು ಹಣೆ ಬಡಿದುಕೊಂಡು, ಅಂದೇ ಸಂಜೆ ಹಿಟ್ಟು ನಾದುವುದನ್ನು ಕಲಿಸಿದರು. ನಾನು ಬಡಿದ ಮೊದಲ ರೊಟ್ಟಿಗೆ ಗೋಡೆಯಾಚೆಯಿಂದ “ಸಾವಕಾಶ್ರೀ, ಗ್ವಾಡಿ ಬಿದ್ದೀತು!” ಎಂಬ ವಿಮರ್ಶೆ ಬಂತು.

ತಪಾಸಣೆಯಲ್ಲಿ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು. ಕುಣಿದಾಡಬೇಕಿತ್ತು, ಆದರೆ ನನ್ನ ರೊಟ್ಟಿಯ ಸಪ್ಪಳ ಕೇಳಿ ವೈನಿ ನಿಶ್ಚಿಂತರಾಗಿಬಿಟ್ಟಿದ್ದರು. ಬಟ್ಟಲು ಬರುವುದು ನಿಂತೇಹೋಯಿತು. ನನಗೆ ಬೇಸರವಾಯಿತು, ಹೋಳಿಗೆಗಾಗಿ ಅಲ್ಲ (ಸ್ವಲ್ಪ ಅದಕ್ಕೂ); ಹೆತ್ತವಳಲ್ಲ, ಕಟ್ಟಿಕೊಂಡವಳಲ್ಲ, ಬಾಡಿಗೆ ಕೋಣೆಯ ನೆರೆಯವರೊಬ್ಬರು ನನ್ನ ಹಸಿವಿಗೆ ಕಿವಿಗೊಟ್ಟು ಕೂರುವ ಸುಖ ಅಭ್ಯಾಸವಾಗಿಬಿಟ್ಟಿತ್ತು.

ಮೊನ್ನೆ ಬೇಕೆಂದೇ ಹಿಟ್ಟು ಮುಟ್ಟದೆ, ಕುಕ್ಕರಿನ ಸೀಟಿಯನ್ನಷ್ಟೇ ಹೊಡೆಸಿ, ಕಳ್ಳನಂತೆ ಕಾದು ಕುಳಿತೆ. ವೈನಿ ಬಾಗಿಲು ಬಡಿದರು. ಅದೇ ಬಟ್ಟಲು, ಒಳಗೆ ಮೆಂತ್ಯದ ಪಲ್ಯ. “ಕೈ ನೋಯಾಕತ್ತಾವೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತ ಹೋದರು.

ಆ ಬಟ್ಟಲು ಮತ್ತೆ ಕಟ್ಟೆಯ ಮೇಲೆ ಖಾಲಿ ಕುಳಿತು ನನ್ನನ್ನೇ ನೋಡತೊಡಗಿತು. ಈ ಸಲ ನಾನು ಬಜಾರಿಗೆ ಓಡಲಿಲ್ಲ. ಹಿಟ್ಟು ನಾದಿ, ಅದರಲ್ಲಿ ತುಂಬಿ ಕೊಡಲು ಒಂದು ರೊಟ್ಟಿ ಬಡಿಯತೊಡಗಿದೆ. ಗೋಡೆಯಾಚೆಯಿಂದ ದನಿ ಬಂತು:

“ಇನ್ನೊಂದೆರಡು ಬಡೀರಿ ಸರ್ರ, ನಮ್ಮನಿಯವ್ರೂ ಉಣ್ತಾರಂತ!”