ಉತ್ತರ ಪತ್ರಿಕೆಯ ತುದಿಯಲ್ಲಿ ಒಂದು ಶ್ರೀ

1974ರ ನವೆಂಬರ್ ತಿಂಗಳ ಒಂದು ಭಾನುವಾರ, ಹಳ್ಳಿ ಶಾಲೆಗಳ ಪ್ರತಿಭಾವಂತ ಮಕ್ಕಳನ್ನು ಆರಿಸುವ ಪರೀಕ್ಷೆ ಗುಬ್ಬಿಯಲ್ಲಿ ನಡೆಯಿತು. ನಾನಿದ್ದ ಕೊಠಡಿಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದೆವು. ಉತ್ತರ ಪತ್ರಿಕೆಯ ಮೇಲೆ ಬರೆಯಬಾರದ ಒಂದು ಅಕ್ಷರವನ್ನು ಇಪ್ಪತ್ತೆಂಟು ಮಂದಿಯೂ ಬರೆದೆವು. ಕೊನೆಯ ಇಬ್ಬರು ಬರೆದದ್ದು ಮುಖ್ಯ ಮೇಲ್ವಿಚಾರಕರ ಅಪ್ಪಣೆ ಪಡೆದು. ಆ ಇಬ್ಬರಲ್ಲಿ ನಾನೊಬ್ಬಳು.

ನಮ್ಮೂರು ಗುಬ್ಬಿಯಿಂದ ಏಳು ಮೈಲಿ. ಅಲ್ಲಿನ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಗುಬ್ಬಿಗೆ ಹೋಗಬೇಕು. ಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಹುಡುಗಿಯರು ಯಾರೂ ಹೋಗಿರಲಿಲ್ಲ. ಆ ವರ್ಷ ಶಾಲೆಗೆ ಒಂದು ಸುತ್ತೋಲೆ ಬಂತು. ಪರೀಕ್ಷೆಯಲ್ಲಿ ಆರಿಸಲ್ಪಟ್ಟ ಮಕ್ಕಳನ್ನು ಸರ್ಕಾರವೇ ತುಮಕೂರಿನ ಒಳ್ಳೆಯ ಹೈಸ್ಕೂಲಿಗೆ ಸೇರಿಸಿ, ಹಾಸ್ಟೆಲ್‌ನಲ್ಲಿಟ್ಟು ಓದಿಸುತ್ತದೆ ಎಂದು ಅದರಲ್ಲಿತ್ತು. ಅಪ್ಪ ಅದನ್ನು ಕೇಳಿ ಒಂದೇ ಮಾತು ಹೇಳಿದರು.

"ದಿನಾ ಏಳು ಮೈಲಿ ಹೋಗಿ ಏಳು ಮೈಲಿ ಬರೋದು ಈ ಹುಡ್ಗಿ ಕೈಲಾಗಲ್ಲ. ಹಾಸ್ಟ್ಲು ಸಿಕ್ರೆ ಕಳುಸ್ತೀನಿ. ಸಿಗದಿದ್ರೆ ಓದಿದ್ದು ಸಾಕು ಬುಡು."

ಆದರೆ ಶಾಲೆಯಿಂದ ಇಬ್ಬರನ್ನು ಮಾತ್ರ ಕಳುಹಿಸಬಹುದಿತ್ತು. ಪ್ರತಿಭಾವಂತರನ್ನು ಕಳುಹಿಸಿ ಎಂದು ಸುತ್ತೋಲೆ ಹೇಳಿತ್ತು. ಅವರನ್ನು ಗುರುತಿಸುವುದು ಹೇಗೆ ಎಂದು ಹೇಳಿರಲಿಲ್ಲ. ಆ ಕೆಲಸ ನಮ್ಮ ಗಂಗಾಧರಯ್ಯ ಮೇಷ್ಟ್ರ ಮೇಲೆ ಬಿತ್ತು. ತರಗತಿಗೆ ಮೊದಲಿಗನಾದ ರಂಗಸ್ವಾಮಿಯ ಹೆಸರನ್ನು ಅವರು ಆಗಲೇ ಬರೆದುಕೊಂಡರು. ಎರಡನೆಯ ಹೆಸರಿಗೆ ಅಂಕಪಟ್ಟಿ ನೋಡಲಿಲ್ಲ. ನೋಡಿದ್ದರೆ ನನಗೆ ಅವಕಾಶ ಇರುತ್ತಿರಲಿಲ್ಲ, ನಾನು ಐದನೆಯವಳು. ಅವರು ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರು: ನಮ್ಮೂರ ಸೇದುವ ಬಾವಿಯಿಂದ ದಿನಕ್ಕೆ ಎಷ್ಟು ಕೊಡ ನೀರು ಹೋಗುತ್ತದೆ? ನಾಳೆ ಬೆಳಿಗ್ಗೆ ಉತ್ತರ ಹೇಳಿ.

ಮಾರನೆಯ ದಿನ ಒಬ್ಬ ಐನೂರು ಎಂದ. ಇನ್ನೊಬ್ಬ ಸಾವಿರ ಎಂದ. ಎರಡನೆಯ ರ‍್ಯಾಂಕಿನ ಹುಡುಗ ಮನೆಗಳ ಸಂಖ್ಯೆಯನ್ನು ಆರರಿಂದ ಗುಣಿಸಿ ಮುನ್ನೂರ ಎಪ್ಪತ್ತೆರಡು ಎಂದ. ನನ್ನ ಸರದಿ ಬಂದಾಗ ನಾನು, "ಗೊತ್ತಿಲ್ಲ ಸಾ" ಎಂದೆ.

"ಯಾಕೆ, ಯೋಚ್ನೆ ಮಾಡಲಿಲ್ವಾ?"

"ಬೆಳಿಗ್ಗೆ ಕಟ್ಟೆ ಮೇಲೆ ಕೂತು ಎಣಿಸ್ದೆ ಸಾ. ಸ್ಕೂಲ್ ಬೆಲ್ ಹೊಡ್ಯೋವರ್ಗೂ ನೂರ ನಲವತ್ತೊಂದು. ಆಮೇಲಿಂದು ನೋಡಿಲ್ಲ."

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಪುಸ್ತಕ ತೆಗೆದು ರಂಗಸ್ವಾಮಿಯ ಹೆಸರಿನ ಕೆಳಗೆ ನನ್ನ ಹೆಸರು ಬರೆದರು. "ನೋಡಿದ್ದನ್ನ ಹೇಳಿದೋಳು ಇವಳೊಬ್ಬಳೇ" ಎಂದಷ್ಟೇ ಹೇಳಿದರು.

ಈ ಮೇಷ್ಟ್ರಿಗೆ ಒಂದು ಕಟ್ಟುನಿಟ್ಟಿತ್ತು. ಸ್ಲೇಟಿರಲಿ, ಕಾಪಿ ಪುಸ್ತಕವಿರಲಿ, ಪರೀಕ್ಷೆಯ ಹಾಳೆಯಿರಲಿ, ಮೇಲ್ತುದಿಯಲ್ಲಿ ನಡುಮಧ್ಯೆ 'ಶ್ರೀ' ಬರೆದೇ ಮುಂದಿನ ಮಾತು. ಶ್ರೀ ಇಲ್ಲದ ಪತ್ರಿಕೆಗೆ ಎರಡು ಅಂಕ ಕಡಿತ. ಸುತ್ತಲ ಊರುಗಳ ಶಾಲೆಗಳಲ್ಲೂ ಹೀಗೇ ಇತ್ತು. ಮೂರನೇ ತರಗತಿಯ ಹೊತ್ತಿಗೆ ಶ್ರೀ ಬರೆಯುವುದು ನಮ್ಮ ಕೈಗೆ ಗೊತ್ತಿರುತ್ತಿತ್ತು. ತಲೆ ಅದರ ಗೋಜಿಗೆ ಹೋಗುತ್ತಿರಲಿಲ್ಲ. ರಂಗಸ್ವಾಮಿ ಮಾತ್ರ ಮರೆಯುತ್ತಿದ್ದ. ಮೂರು ಪರೀಕ್ಷೆಗಳಲ್ಲಿ ಹೀಗೆ ಆರು ಅಂಕ ಕಳೆದುಕೊಂಡು, ಆದರೂ ಮೊದಲಿಗನಾಗಿದ್ದ.

ಪರೀಕ್ಷೆಯ ದಿನ ಮೇಷ್ಟ್ರು ನಮ್ಮಿಬ್ಬರನ್ನು ಮೊದಲ ಬಸ್ಸಿಗೆ ಗುಬ್ಬಿಗೆ ಕರೆದುಕೊಂಡು ಹೋದರು. ಇಡ್ಲಿ ಕೊಡಿಸಿದರು. ಶಾಲೆಯ ಗೇಟಿನಲ್ಲಿ ನನ್ನ ಪೆನ್ನಿಗೆ ತಾವೇ ಇಂಕು ತುಂಬಿ, ರಂಗಸ್ವಾಮಿಗೆ, "ಶ್ರೀ ಮರೀಬೇಡ ಕಣೋ, ಇವತ್ತಾದ್ರೂ" ಎಂದರು.

ನಮ್ಮ ಕೊಠಡಿಗೆ ಸರೋಜಮ್ಮ ಎಂಬ ಮೇಡಂ ಬಂದರು. ಕುಣಿಗಲ್‌ನಲ್ಲಿ ಶಿಕ್ಷಕಿಯಾಗಿದ್ದವರನ್ನು ಅಂದಿನ ಮೇಲ್ವಿಚಾರಣೆಗೆ ಕರೆಸಿದ್ದರು. ಅವರು ಮೊದಲ ಬೆಂಚಿನಿಂದ ಉತ್ತರ ಪತ್ರಿಕೆ ಹಂಚುತ್ತಾ ಹೋದರು. ಕೊನೆಯ ಬೆಂಚಿಗೆ ತಲುಪುವಷ್ಟರಲ್ಲಿ ಮುಂದಿನ ಬೆಂಚುಗಳಲ್ಲಿ ಶ್ರೀ ಬರೆದಾಗಿತ್ತು. ಆಮೇಲೆ ಅವರು ನಿಂತು ನಿಯಮಗಳನ್ನು ಓದಿದರು. ಎಂಬತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತದೆ, ಸರಿಯಾದ ಉತ್ತರದ ಸಂಖ್ಯೆಯನ್ನು ಚೌಕದಲ್ಲಿ ಬರೆಯಬೇಕು. ಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ಬಿಟ್ಟು ಹೆಸರು, ಊರು, ಬೇರೆ ಯಾವುದೇ ಗುರುತು ಇರಬಾರದು. ಇದ್ದರೆ ಪತ್ರಿಕೆಯನ್ನು ತಿರಸ್ಕರಿಸಲಾಗುವುದು. ನಾವೆಲ್ಲ ತಲೆಯಾಡಿಸಿದೆವು. ಶ್ರೀಯೂ ಒಂದು ಗುರುತು ಎಂದು ಯಾರಿಗೂ ಹೊಳೆಯಲಿಲ್ಲ.

ನಾನು ಬೇಗ ಮುಗಿಸಿದೆ. ಇನ್ನೂ ಅರ್ಧ ಗಂಟೆ ಇತ್ತು. ಸುಮ್ಮನೆ ಪತ್ರಿಕೆಯ ಹಿಂಬದಿ ತಿರುಗಿಸಿ ಓದಿದೆ. ಆ ನಿಯಮ ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮತ್ತೆ ಮುಂಬದಿ ನೋಡಿದೆ. ತುದಿಯಲ್ಲಿ ನನ್ನದೇ ದುಂಡು ಶ್ರೀ.

ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಶ್ರೀ ಹೋಯಿತು, ಅದರ ಜೊತೆಗೆ ಕಾಗದವೂ ಹೋಯಿತು. ನಾಲ್ಕಾಣೆ ಅಗಲದ ನೀಲಿ ಮಚ್ಚೆ, ಅದರ ನಡುವೆ ಒಂದು ತೂತು. ತೂತಿನಲ್ಲಿ ಬೆಂಚಿನ ಮರ ಕಾಣುತ್ತಿತ್ತು. ಅಪ್ಪ ಹೇಳಿದ್ದ "ಸಾಕು ಬುಡು" ನೆನಪಾಯಿತು. ಎದ್ದು ನಿಂತೆ.

"ಮೇಡಂ, ಶ್ರೀ ಹಾಕ್ಬಿಟ್ಟಿದ್ದೆ. ಅಳಿಸೋಕೆ ಹೋದೆ. ತೂತಾಯ್ತು."

ಸರೋಜಮ್ಮ ಬಂದು ನೋಡಿದರು. ಪಕ್ಕದ ಹುಡುಗಿಯ ಪತ್ರಿಕೆ ನೋಡಿದರು. ಅದರ ಹಿಂದಿನದು ನೋಡಿದರು. ಕೊಠಡಿಯ ಕೊನೆಯವರೆಗೂ ನೋಡಿಕೊಂಡು ಹೋಗಿ ವಾಪಸ್ ಬಂದರು. ಇಪ್ಪತ್ತಾರು ಪತ್ರಿಕೆಗಳ ಮೇಲೆ ಶ್ರೀ ಇತ್ತು. ನನ್ನದರ ಮೇಲೆ ತೂತಿತ್ತು. ರಂಗಸ್ವಾಮಿಯದರ ಮೇಲೆ ಏನೂ ಇರಲಿಲ್ಲ. ಅವನು ಅಂದೂ ಮರೆತಿದ್ದ.

ಮುಖ್ಯ ಮೇಲ್ವಿಚಾರಕರನ್ನು ಕರೆಸಿದರು. ಕರೀ ಕೋಟು ಹಾಕಿದ ಹಿರಿಯರು. ವಿಷಯ ಕೇಳಿ, ನಿಯಮ ಓದಿ, "ನಿಯಮ ಅಂದ್ರೆ ನಿಯಮ ಕಣಮ್ಮ. ಇಪ್ಪತ್ತೇಳೂ ತಿರಸ್ಕೃತ ಅಂತ ವರದಿ ಬರೀಬೇಕಾಗುತ್ತೆ" ಎಂದರು. ಮೇಜಿನ ಮುಂದೆ ಕುಳಿತು ಒಂದು ಬಿಳಿ ಹಾಳೆ ಎಳೆದುಕೊಂಡರು. ಕೊಠಡಿಯಲ್ಲಿ ಯಾರೂ ಬರೆಯುತ್ತಿರಲಿಲ್ಲ. ಹಿಂದೆ ಒಬ್ಬ ಹುಡುಗ ಅಳಲು ಶುರು ಮಾಡಿದ.

ಸರೋಜಮ್ಮ ಅವರ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದರೂ ಮೊದಲ ಬೆಂಚಿನಲ್ಲಿದ್ದ ನನಗೆ ಕೇಳಿಸಿತು.

"ಸಾರ್, ಗುರುತು ಬೇಡ ಅನ್ನೋದು ಯಾಕೆ? ಪತ್ರಿಕೆ ಯಾರದು ಅಂತ ನೋಡೋರಿಗೆ ತಿಳೀಬಾರದು ಅಂತ. ಎಲ್ಲರೂ ಶ್ರೀ ಹಾಕಿದ್ರೆ ಯಾರದು ಅಂತ ಹೆಂಗೆ ತಿಳಿಯುತ್ತೆ? ಹಂಗೆ ನೋಡಿದ್ರೆ ಗುರುತು ಸಿಗೋದು ಇಬ್ಬರದೇ. ತೂತು ಮಾಡಿದ ಈ ಹುಡುಗೀದು, ಏನೂ ಹಾಕದ ಆ ಹುಡುಗಂದು."

"ನೀವು ಹೇಳೋದು ಚೆನ್ನಾಗೇ ಇದೆ. ಮೇಲಿನೋರು ಒಪ್ಪಬೇಕಲ್ಲ."

"ಮೇಲಿನೋರೂ ನಮ್ಮ ಕಡೆಯೋರೇ ಅಲ್ವಾ ಸಾರ್? ತಾವು ಈಗ ವರದಿ ಶುರು ಮಾಡಿದೀರಲ್ಲ, ಹಾಳೆ ಒಂದ್ಸಲ ನೋಡ್ಕೊಳಿ."

ಅವರು ನೋಡಿಕೊಂಡರು. ವರದಿಯ ಮೊದಲ ಸಾಲು ಇನ್ನೂ ಅರ್ಧವಾಗಿತ್ತು. ಅದರ ಮೇಲೆ, ನಡುಮಧ್ಯೆ, ಒಂದು ಶ್ರೀ ಇತ್ತು.

ಅವರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು ಉಳಿದ ಕೊಠಡಿಗಳಿಗೆ ಹೋಗಿಬಂದರು. ಎಲ್ಲ ಕಡೆಯೂ ಇದೇ ಎಂದು ಸರೋಜಮ್ಮನವರಿಗೆ ಹೇಳಿದರು. ಗೈರುಹಾಜರಾದ ಒಬ್ಬ ಹುಡುಗನ ಖಾಲಿ ಉತ್ತರ ಪತ್ರಿಕೆ ಅವರ ಕೈಯಲ್ಲಿತ್ತು. ಅದನ್ನು ನನ್ನ ಮುಂದಿಟ್ಟರು.

"ಹದಿನಾಲ್ಕು ನಿಮಿಷ ಇದೆ. ಹಳೇದು ನೋಡ್ಕೊಂಡು ಇದಕ್ಕಿಳಿಸು. ಹಳೇದನ್ನ ನಾನು ವರದಿ ಜೊತೆ ಲಗತ್ತಿಸ್ತೀನಿ. ಬೇಗ."

ನಾನು ಪೆನ್ನಿನ ಮುಚ್ಚಳ ತೆಗೆದೆ. ಕೈ ತಾನಾಗಿ ಹಾಳೆಯ ತುದಿಗೆ ಹೋಯಿತು. ಅಲ್ಲೇ ನಿಲ್ಲಿಸಿದೆ.

"ಶ್ರೀ ಹಾಕ್ಲಾ ಬ್ಯಾಡ್ವಾ ಸಾ?"

ಹಿರಿಯರು ಸರೋಜಮ್ಮನವರ ಮುಖ ನೋಡಿದರು. ಸರೋಜಮ್ಮ ಕಿಟಕಿಯ ಕಡೆ ನೋಡಿದರು.

"ಹಾಕಮ್ಮ" ಎಂದರು ಹಿರಿಯರು. ಎರಡು ಹೆಜ್ಜೆ ಹೋಗಿ ತಿರುಗಿ ರಂಗಸ್ವಾಮಿಯ ಬೆಂಚಿನ ಹತ್ತಿರ ನಿಂತರು. "ನೀನೂ ಹಾಕಯ್ಯ."

"ಎಲ್ಲಿ ಹಾಕ್ಲಿ ಸಾ?"

"ಎಲ್ಲರೂ ಎಲ್ಲಿ ಹಾಕವ್ರೋ ಅಲ್ಲೇ."

ಅಳುತ್ತಿದ್ದ ಹುಡುಗ ಎಲ್ಲರಿಗಿಂತ ಮೊದಲು ನಕ್ಕ. ನನಗೆ ನಗಲು ಸಮಯವಿರಲಿಲ್ಲ. ಎಪ್ಪತ್ತೆಂಟನೆಯ ಚೌಕ ತುಂಬಿಸುವಾಗ ಗಂಟೆ ಹೊಡೆಯಿತು. ಕೊನೆಯ ಎರಡು ಖಾಲಿ ಉಳಿದವು.

ಹೊರಗೆ ಕಾಯುತ್ತಿದ್ದ ಮೇಷ್ಟ್ರಿಗೆ ರಂಗಸ್ವಾಮಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಬಸ್ಸು ಅರ್ಧ ದಾರಿಗೆ ಬಂದಾಗ ಮೇಷ್ಟ್ರು, "ತಪ್ಪು ನಂದೇ ಕಣ್ರೋ" ಎಂದರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ, ಇನ್ನು ಮುಂದೆ ಶ್ರೀ ಹಾಕದಿದ್ದರೆ ಅಂಕ ಕಡಿತವಿಲ್ಲ ಎಂದು ಇಡೀ ಶಾಲೆಗೆ ಹೇಳಿದರು.

"ನನ್ನ ಆರು ಮಾರ್ಕು ವಾಪಸ್ ಕೊಡ್ತೀರಾ ಸಾ?" ಎಂದು ಸಾಲಿನಿಂದಲೇ ರಂಗಸ್ವಾಮಿ ಕೇಳಿದ.

"ಈ ಕಡೆ ಬಾ, ಕೊಡ್ತೀನಿ" ಎಂದರು ಮೇಷ್ಟ್ರು. ಅವನು ಹೋಗಲಿಲ್ಲ.

ಫಲಿತಾಂಶಕ್ಕೆ ಐದು ತಿಂಗಳು ಕಾದೆವು. ಆ ಐದು ತಿಂಗಳು ಅವ್ವ ನನಗೆ ರಾಗಿ ಬೀಸುವುದು, ಮುದ್ದೆ ತಿರುವುವುದು ಎರಡನ್ನೂ ಕಲಿಸಿದಳು. ಹಾಸ್ಟೆಲ್ ಸಿಗದಿದ್ದರೆ ಅದಕ್ಕೂ ತಯಾರಿರಲಿ ಎನ್ನುತ್ತಿದ್ದಳು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ಗುಬ್ಬಿಯಿಂದ ಸೈಕಲ್‌ನಲ್ಲಿ ನೇರವಾಗಿ ನಮ್ಮ ತೋಟಕ್ಕೆ ಬಂದರು. ಅಪ್ಪ ಕಾಯಿ ಸುಲಿಯುತ್ತಿದ್ದರು. ನಾನು ಸಿಪ್ಪೆ ಒಟ್ಟುತ್ತಿದ್ದೆ.

"ನಿನ್ ನಂಬರ್ ಇದೆ ಕಣಮ್ಮ. ಎರಡ್ಸಲ ನೋಡ್ದೆ. ಆಮೇಲೆ ಪಕ್ಕದೋನ ಕೈಲೂ ಓದಿಸ್ದೆ."

ಅಪ್ಪ ಸುಲಿಯುತ್ತಿದ್ದ ಕಾಯಿಯನ್ನು ಪೂರ್ತಿ ಸುಲಿದು ಮುಗಿಸಿದರು. "ತುಮಕೂರ ತಾವ ಮರಳೂರ್ನಾಗೆ ನಮ್ಮ ಭಾಮೈದ ಅವ್ನೆ" ಎಂದರು. "ಭಾನ್ವಾರ ಹಾಸ್ಟ್ಲಿಗೆ ಹೋಗಿ ನೋಡ್ಕಂಬತ್ತಾನೆ. ಮೇಷ್ಟ್ರೆ, ಟ್ರಂಕು ಎಷ್ಟು ದೊಡ್ಡದು ಬೇಕಾಯ್ತದೆ?"

ರಂಗಸ್ವಾಮಿಯ ಸಂಖ್ಯೆ ಪಟ್ಟಿಯಲ್ಲಿ ಇರಲಿಲ್ಲ. ಅವನು ಅಣ್ಣನ ಸೈಕಲ್‌ನಲ್ಲಿ ಗುಬ್ಬಿಗೆ ಹೋಗಿ ಓದಿದ. ಈಗ ಅಲ್ಲಿಯೇ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾನೆ. "ನಾನು ಶ್ರೀ ಹಾಕದೆ ಇದ್ದಿದ್ರೆ ಪಾಸಾಗಿರ್ತಿದ್ದೆ ಕಣೇ" ಎಂದು ಸಿಕ್ಕಾಗಲೆಲ್ಲ ಹೇಳುತ್ತಾನೆ. ಮುಖ್ಯ ಮೇಲ್ವಿಚಾರಕರು ಆ ದಿನದ ವರದಿಯಲ್ಲಿ ಕೊನೆಗೆ ಏನು ಬರೆದರು, ಅದನ್ನು ಮೇಲಿನವರು ಓದಿದರೇ ಎಂಬುದು ನನಗೆ ತಿಳಿದಿಲ್ಲ. ಸರೋಜಮ್ಮನವರನ್ನು ಮತ್ತೊಮ್ಮೆ ನೋಡುವ ಅವಕಾಶ ಸಿಗಲಿಲ್ಲ. ನಾನು ಶಿಕ್ಷಕಿಯಾಗಿ ಕುಣಿಗಲ್ ತಾಲ್ಲೂಕಿಗೆ ಹೋಗುವ ಹೊತ್ತಿಗೆ ಅವರು ನಿವೃತ್ತರಾಗಿ ಮಗಳ ಊರಿಗೆ ಹೋಗಿದ್ದರು.

1987ರಲ್ಲಿ, ಹೊಸದಾಗಿ ಶುರುವಾದ ಒಂದು ವಸತಿ ಶಾಲೆಗೆ ಮಕ್ಕಳನ್ನು ಆರಿಸುವ ಪರೀಕ್ಷೆ ಕುಣಿಗಲ್‌ನಲ್ಲಿ ನಡೆಯಿತು. ಒಂದು ಕೊಠಡಿಗೆ ನಾನು ಮೇಲ್ವಿಚಾರಕಿ. ಐದನೇ ತರಗತಿಯ ಮೂವತ್ತೆರಡು ಮಕ್ಕಳು. ಉತ್ತರ ಪತ್ರಿಕೆ ಹಂಚುವ ಮೊದಲು ಒಬ್ಬೊಬ್ಬರಿಗೂ ಅಂಗೈಯಗಲದ ಒಂದು ಬಿಳಿ ಚೀಟಿ ಕೊಟ್ಟೆ. "ಮೊದಲು ಏನು ಬರೀಬೇಕು ಅನ್ಸುತ್ತೋ ಅದನ್ನ ಇದರಲ್ಲಿ ಬರೆದುಕೊಡಿ" ಎಂದೆ. ಚೀಟಿಗಳನ್ನು ವಾಪಸ್ ಪಡೆದು, ಆಮೇಲೆ ಉತ್ತರ ಪತ್ರಿಕೆ ಕೊಟ್ಟೆ.

ಪರೀಕ್ಷೆ ಮುಗಿದ ಮೇಲೆ ಎಣಿಸಿದೆ. ಉತ್ತರ ಪತ್ರಿಕೆಗಳಲ್ಲಿ ಒಂದರ ಮೇಲೂ ಯಾವ ಗುರುತೂ ಇರಲಿಲ್ಲ. ಮೂವತ್ತೊಂದು ಚೀಟಿಗಳಲ್ಲಿ ಶ್ರೀ ಇತ್ತು. ಉಳಿದ ಒಂದರಲ್ಲಿ, "ಏನು ಬರೀಬೇಕು ಮಿಸ್?" ಎಂದಿತ್ತು.