ಹೆಚ್ಚುಕಮ್ಮಿ ಆದರೆ

ನಮ್ಮ ವಿಮೆ ಚಾಚಾನ ಎಡಗಿವಿಯ ಹಾಲೆ ಬಲಗಿವಿಯದಕ್ಕಿಂತ ಉದ್ದ. ಜಗ್ಗಿ ಜಗ್ಗಿಯೇ ಹಾಗಾಯಿತೆಂದು ನನ್ನ ನಂಬಿಕೆ. ಸಾವಿನ ಮಾತು ಹತ್ತಿರ ಬಂತೆಂದರೆ ಸಾಕು, ಎರಡು ಬೆರಳಲ್ಲಿ ಆ ಹಾಲೆ ಹಿಡಿದು ಕೆಳಕ್ಕೆಳೆದು, ಸೂರು ನೋಡಿ, "ಹೆಚ್ಚುಕಮ್ಮಿ ಆದ್ರ" ಎನ್ನುತ್ತಿದ್ದರು. ಜೀವಮಾನವಿಡೀ ವಿಮೆ ಮಾರಿದ ಮನುಷ್ಯ "ಸತ್ತರ" ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಬಳ್ಳಾರಿಯಲ್ಲಿ ಅಂಗಡಿ ಇಟ್ಟವರನ್ನೆಲ್ಲ ಊರು "ಸಾವ್ಕಾರ್ರ" ಎಂದು ಕರೆದರೆ, ಇವರು ಮಾತ್ರ "ಸಾಹುಕಾರ್ರ" ಎಂದು ಹಕಾರ ಒತ್ತುತ್ತಿದ್ದರು. ಆ ಪದದಲ್ಲೂ ಸಾವು ಕೂತಿದೆಯಲ್ಲ.

ಅದು ಗಣಿಯ ಕಾಲ. ನನ್ನದು ಹೊಸಪೇಟೆ ರಸ್ತೆಯಲ್ಲಿ ಲಾರಿ ಟೈರಿನ ಅಂಗಡಿ. ಅದಿರಿನ ಲಾರಿಗಳು ಹಗಲೂ ರಾತ್ರಿ ಟೈರು ತಿನ್ನುತ್ತಿದ್ದವು; ನಾವು ಅವುಗಳ ಧೂಳು ತಿನ್ನುತ್ತಿದ್ದೆವು. ಕುರುಗೋಡಿನಿಂದ ಸ್ಕೂಟರಿನಲ್ಲಿ ಬರುವ ಚಾಚಾನ ಬಿಳಿ ಅಂಗಿ ಅಂಗಡಿ ಮುಟ್ಟುವಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಕರವಸ್ತ್ರದಿಂದ ಮೊದಲು ನನ್ನ ಕುರ್ಚಿ ಒರೆಸುವರು, ಆಮೇಲೆ ಮುಖ.

ಅಷ್ಟೊಂದು ಟೈರು ಮಾರಿದ್ದಕ್ಕೆ ಕಂಪನಿಯವರು ಬಹುಮಾನ ಕೊಟ್ಟರು: ಗಂಡಹೆಂಡತಿಗೆ ಸಿಂಗಾಪುರದಿಂದ ಹಡಗಿನ ಪ್ರವಾಸ. ಬೇರೆ ಡೀಲರುಗಳು ಪಟಾಕಿ ಹೊಡೆದರು. ನಾನು ಹಡಗು ಮುಳುಗುವುದು ಹೇಗೆಂದು ಯೋಚಿಸತೊಡಗಿದೆ. ಬಸ್ಸು ಹತ್ತುವಾಗಲೂ ಬಾಗಿಲ ಹತ್ತಿರದ ಸೀಟೇ ಹುಡುಕುವ ಪ್ರಾಣಿ ನಾನು. ಆದರೆ ಈ ಸಲ ಭಯಕ್ಕೆ ಕಾರಣವೂ ಇತ್ತು. ನನ್ನ ಹೆಂಡತಿಗೆ ದಮ್ಮು. ವರ್ಷಕ್ಕೆರಡು ಸಲವಾದರೂ ಆಸ್ಪತ್ರೆ ಸೇರುವಂಥ ದಮ್ಮು. ಸಿರುಗುಪ್ಪದ ಹೆಣ್ಣುಮಗಳು, ನೀರೆಂದರೆ ಅವಳಿಗೆ ಗೊತ್ತಿದ್ದದ್ದು ತುಂಗಭದ್ರೆ ಮತ್ತು ಅದರ ಕಾಲುವೆ. ಸಮುದ್ರ ನೋಡಬೇಕೆಂಬುದು ಅವಳ ಬಹಳ ದಿನದ ಆಸೆ. ನಡುನೀರಿನಲ್ಲಿ ಉಸಿರು ಸಿಕ್ಕಿಕೊಂಡರೆ?

"ಪ್ರವಾಸದ ವಿಮೆ ತಗೊಂಡ್ರ ದಮ್ಮಿಗೆ ಬರ್ತೈತೇನು?" ಎಂದು ಚಾಚಾನನ್ನು ಕೇಳಿದೆ.

ಕಿವಿ ಜಗ್ಗಿದರು. "ಹಂಗೇನೂ ಆಗಂಗಿಲ್ಲ ಬಿಡ್ರಿ ಸಾಹುಕಾರ್ರ. ಹೆಚ್ಚುಕಮ್ಮಿ ಆದ್ರ, ಹೆಚ್ಚುಕಮ್ಮಿ ಎಲ್ಲಾ ಬರ್ತೈತಿ."

"ಎಷ್ಟು ಹೆಚ್ಚು, ಎಷ್ಟು ಕಮ್ಮಿ? ಅದನ್ನ ಹೇಳ್ರಿ."

"ಕೇಳಿ ಹೇಳ್ತೀನಿ" ಎಂದು ಚಹಾ ಕುಡಿದು ಹೋದರು. ಮರುವಾರ ಬಂದರು, ಅದೇ ಮಾತು. ಅದರ ಮರುವಾರವೂ. ನನಗೆ ತಲೆ ಕೆಟ್ಟುಹೋಯಿತು. ಕೋರ್ಟಿನಲ್ಲಿ ವಕೀಲರು ಕೇಳುವ ಹಾಗೆ ಕೇಳಿದರೂ ಆ ಬಾಯಿಂದ ಹೌದು, ಇಲ್ಲ ಎರಡೂ ಹೊರಡುತ್ತಿರಲಿಲ್ಲ.

ಈ ಮಧ್ಯೆ ಸಿರುಗುಪ್ಪದಿಂದ ಬಂದ ಹೆಂಡತಿಯ ತಮ್ಮ ಅವಳನ್ನೂ ಕರಕೊಂಡು ಅಂಗಡಿಗೆ ಬಂದ. ಅವನಿಗೆ ಜಗತ್ತಿನ ಸಮಸ್ಯೆಗಳೆಲ್ಲ ಸರಳ. "ಬಾವ, ಟಿಕೀಟು ಮಾಡ್ಸೋರ ಹತ್ರನ ಒಂದು ವಿಮೆ ಐತಿ, ಅಗ್ಗದ್ದು. ಏನೂ ಕೇಳಂಗಿಲ್ಲ. ಅಕ್ಕನ ದಮ್ಮಿನ ಸುದ್ದಿ ಯಾಕ ಎತ್ತಾಕ ಹೋಗ್ತಿ?"

"ಎತ್ತಿದ್ರ ಡಾಕ್ಟರ್ ಚೀಟಿ ಕೇಳ್ತಾರ, ಡಾಕ್ಟರ್ ಹೋಗಬ್ಯಾಡ ಅಂತಾರ. ಸುಮ್ಮನಿರ್ರಿ ನೀವು" ಎಂದಳು ಹೆಂಡತಿ. "ನನ್ನ ಉಸಿರಿನ ಲೆಕ್ಕ ನನ್ನ ಮುಂದನ ಹಾಕ್ತೀರಲ್ಲ, ನಾನೇನು ಲಾರಿ ಟೈರ?"

ಚಾಚಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಬಂದವರು ಆ ದಿನ ಕುರ್ಚಿ ಒರೆಸಲಿಲ್ಲ. ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು.

"ನೋಡು ತಂಗಿ. ಮುಚ್ಚಿಟ್ಟು ಹೋದಿ ಅಂದ್ರ, ಅಲ್ಲಿ ದಮ್ಮು ಎದ್ದು ನೀ ಸತ್ತರ ಇವ್ರಿಗೆ ಏನೂ ಬರಂಗಿಲ್ಲ. ಬದುಕಿದ್ರೂ ಏನೂ ಬರಂಗಿಲ್ಲ. ಹೇಳಿ ಹೋಗು."

ಚಾಚಾ ಒಂದಾದ ಮೇಲೊಂದು ಎರಡೂ ಕಿವಿ ಜಗ್ಗಿಕೊಂಡರು. ಅಷ್ಟು ದಿನ ನಾನು ಕಾದಿದ್ದ ಖಚಿತ ಮಾತು ಅದೇ. ಬಂದ ಮೇಲೆ ನನಗೇ ಬೇಡವಾಯಿತು.

ಹೆಂಡತಿ "ಬರೀರಿ ಚಾಚಾ, ದಮ್ಮು ಐತಿ ಅಂತ" ಎಂದಳು. ಡಾಕ್ಟರು ಅವಳು ಹೆದರಿದಂತೆ ತಡೆಯಲಿಲ್ಲ. ಔಷಧ ಹೆಚ್ಚಿಗೆ ಒಯ್ಯಲು ಹೇಳಿ ಬೈದು ಕಳಿಸಿದರು. ವಿಮಾ ಕಂಪನಿ ಪಾಲಿಸಿ ಕೊಟ್ಟಿತು. ಪೆಟ್ಟಿಗೆ ಕಳೆದರೆ, ವಿಮಾನ ತಪ್ಪಿದರೆ, ಕಾಲು ಮುರಿದರೆ, ಎಲ್ಲಕ್ಕೂ ಹಣ. ದಮ್ಮು ಒಂದನ್ನು ಬಿಟ್ಟು. ನಾನು ಯಾವುದಕ್ಕೆ ಹೆದರಿದ್ದೆನೋ ಅದೊಂದನ್ನೇ ಆರಿಸಿ ಹೊರಗಿಟ್ಟಿದ್ದರು.

"ಇದಕ್ಕ ಇಷ್ಟು ದಿನ ಸಾಯಿಸಿದ್ರೇನು ನನ್ನ?" ಎಂದು ರೇಗಿದೆ.

"ಆ ಮಾತು ಬ್ಯಾಡ್ರಿ" ಎಂದು ಚಾಚಾ ಕಿವಿಗೆ ಕೈ ಹಾಕಿದರು. ಆಮೇಲೆ ಜೇಬಿನಿಂದ ಉಸಿರಿಗೆ ಎಳೆದುಕೊಳ್ಳುವ ಎರಡು ಹೊಸ ಪಂಪು ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ ಚೀಟಿ ಹಿಡಿದು ತಾವೇ ತಂದಿದ್ದರು. "ಕಂಪನಿ ಬಿಟ್ಟದ್ದನ್ನ ಮನಿಯೋರು ಹೊರಬೇಕು. ಒಂದು ಆಕಿ ಚೀಲದಾಗ, ಒಂದು ನಿಮ್ಮ ಜೇಬಿನಾಗ. ಎರಡೂ ಒಂದ ಕಡೆ ಇಡಬ್ಯಾಡ್ರಿ."

ಹಡಗಿನಲ್ಲಿ ನಡೆದದ್ದು ಹೇಳಲು ಸಿಟ್ಟು ಬರುತ್ತದೆ. ಮೊದಲ ದಿನದಿಂದಲೇ ಹೊಟ್ಟೆ ತೊಳಸಿ ನಾನು ಹಾಸಿಗೆ ಹಿಡಿದೆ. ಅವಳು ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಮುಖ ಕೊಟ್ಟು ನಿಂತಿರುತ್ತಿದ್ದಳು. ಒಂದು ಸಲವೂ ಕೆಮ್ಮಲಿಲ್ಲ. ಎರಡು ಪಂಪೂ ಹೊಸದಾಗಿಯೇ ಉಳಿದವು. ತಿರುಗಿ ಬಳ್ಳಾರಿಯಲ್ಲಿ ರೈಲಿಳಿದು ಅಂಗಡಿ ದಾಟುವಷ್ಟರಲ್ಲಿ ಅವಳ ಎದೆ ಸೀಟಿ ಹೊಡೆಯತೊಡಗಿತು. ನಾನು ಸಮುದ್ರಕ್ಕೆ ವಿಮೆ ಮಾಡಿಸಿದ್ದೆ, ನಮ್ಮ ರಸ್ತೆಗಲ್ಲ.

ಹೇಳಿದಾಗ ಚಾಚಾ ಕೆಮ್ಮುತ್ತಲೇ ನಕ್ಕರು. "ಈ ಧೂಳಿಗೆ ಪಾಲಿಸಿ ಕೊಡೋ ಕಂಪನಿ ಇನ್ನೂ ಹುಟ್ಟಿಲ್ಲ ಸಾಹುಕಾರ್ರ." ಅದೇ ಧೂಳಿನಲ್ಲಿ ಸ್ಕೂಟರು ತಿರುಗಿಸಿಕೊಂಡು ಕುರುಗೋಡಿಗೆ ಹೋದರು. ಅವರ ಕೆಮ್ಮಿನ ಬಗ್ಗೆ ಚಿಂತಿಸುವುದು ಮಾತ್ರ ಈ ಚಿಂತೆಯ ಮನುಷ್ಯನಿಗೆ ಹೊಳೆಯಲಿಲ್ಲ.

ಲಾರಿಗಳ ಭರಾಟೆ ಇನ್ನೂ ಇಳಿದಿರಲಿಲ್ಲ, ಒಂದು ಬೆಳಿಗ್ಗೆ ಚಾಚಾನ ಮಗನ ಫೋನು ಬಂತು. "ಅಬ್ಬಾಗ ಸ್ವಲ್ಪ ಹೆಚ್ಚುಕಮ್ಮಿ ಆಗೈತ್ರಿ. ಬರ್ರಿ."

ಎಷ್ಟು ಹೆಚ್ಚು, ಎಷ್ಟು ಕಮ್ಮಿ ಎಂಬುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. "ಯಾರದು?" ಎಂದು ಹೆಂಡತಿ ಅಡುಗೆಮನೆಯಿಂದ ಹೊರಬಂದಳು. ನನ್ನ ಎಡಗಿವಿಯ ಹಾಲೆ ಆಗಲೇ ನನ್ನ ಬೆರಳುಗಳ ನಡುವೆ ಇತ್ತು. ಅದನ್ನು ನೋಡಿ ಅವಳು ಮತ್ತೇನೂ ಕೇಳದೆ, ಒಲೆ ಆರಿಸಿ, ಚಪ್ಪಲಿ ಮೆಟ್ಟಿದಳು.