ಹೇಳದೇ ಉಳಿದ ಮೊದಲ ಮಾತು

ಡೆನ್ಮಾರ್ಕಿನ ಲೆಮ್ವಿಗ್ ಊರಿನ ಅರ್ಧದಷ್ಟು ಮಕ್ಕಳು ರಿಗ್ಮೋರಳ ಅಡುಗೆಮನೆಯ ನೆಲದ ಮೇಲೆ ತೆವಳಿ ಬೆಳೆದವರು. ಮೀನು ಕಾರ್ಖಾನೆಯ ಕೆಲಸ ಬಿಟ್ಟು, ದುಡಿಯಲು ಹೋಗುವವರ ಮಕ್ಕಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳಲು ನಿಂತು ಇಪ್ಪತ್ತಾರು ವರ್ಷವಾಗಿತ್ತು. ಒಮ್ಮೆಗೆ ನಾಲ್ಕೇ ಮಕ್ಕಳು. ಬೆಳಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಆ ನಾಡಿನ ರೂಢಿಯಂತೆ ಅಂಗಳದಲ್ಲಿ ನಿಲ್ಲಿಸಿದ ಕೂಸಿನ ತಳ್ಳುಗಾಡಿಗಳಲ್ಲಿ ನಿದ್ದೆ. ಚಳಿಯಿದ್ದರೂ ಅಷ್ಟೇ, ಹಿಮ ಬಿದ್ದರೂ ಅಷ್ಟೇ.

ಈ ಕಸುಬಿನ ಹೆಂಗಸರಿಗೆಲ್ಲ ಒಂದು ಕಟ್ಟುಪಾಡಿತ್ತು. ಮಗು ಮೊದಲ ಹೆಜ್ಜೆ ಇಟ್ಟಿದ್ದನ್ನು, ಮೊದಲ ಮಾತಾಡಿದ್ದನ್ನು ತಾಯಿತಂದೆಗೆ ಹೇಳಕೂಡದು. ಅದು ಅವರ ಪಾಲಿನ ಸಂತೋಷ. ಮನೆಯಲ್ಲಿ ಅವರೇ ಮೊದಲು ಕಂಡರು ಎಂದಾಗಬೇಕು. ಅಂಥ ದಿನ ಸಂಜೆ ಮಗುವನ್ನು ಒಪ್ಪಿಸುವಾಗ ರಿಗ್ಮೋರ್ ಸುಮ್ಮನೆ ಒಂದು ನಗು ನಗುತ್ತಿದ್ದಳು. ಮಗು ಏನೋ ಹೊಸದು ಕಲಿತಿದೆ ಎಂಬ ಆ ನಗುವಿನ ಅರ್ಥ ಊರಿಗೆಲ್ಲ ಗೊತ್ತಿತ್ತು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ತುಸು ಹೆಚ್ಚೇ ಇತ್ತು.

ಟೀರಾ ಹತ್ತು ತಿಂಗಳಿಗೇ ಇಲ್ಲಿಗೆ ಬಂದವಳು. ಚೂಟಿ ಎಂದರೆ ಚೂಟಿ. ಶುಕ್ರವಾರ ದಿಂಬಿನಡಿ ಬಚ್ಚಿಟ್ಟ ಮರದ ಬಾತುಕೋಳಿಯನ್ನು ಸೋಮವಾರ ಬಂದವಳೇ ನೇರ ಹೋಗಿ ಎಳೆಯುವಳು. ಯಾರ ಲೋಟ ಯಾವುದು, ಯಾರ ಬೂಟು ಯಾವುದು, ಎಲ್ಲ ನೆನಪು. ಆದರೆ ಹತ್ತೊಂಬತ್ತು ತಿಂಗಳಾದರೂ ಬಾಯಲ್ಲಿ ಒಂದು ಪದವಿಲ್ಲ.

ಪ್ರತಿ ಗುರುವಾರ ಈ ಕಸುಬಿನ ಹೆಂಗಸರೆಲ್ಲ ಮಕ್ಕಳ ಸಮೇತ ಒಂದೆಡೆ ಸೇರುತ್ತಿದ್ದರು. ಒಮ್ಮೆ ಅಲ್ಲಿ ಯೂಟ್ಟೆ ಎಂಬ ಜೊತೆಗಾತಿ ಚುಚ್ಚಿದಳು.

"ಏನೇ ರಿಗ್ಮೋರ್, ಮಗು ಬಾಯಿಗೆ ಬೀಗ ಹಾಕಿದ್ದೀಯಾ?"

"ನಿಂಗೇಂತ ತಂದಿದ್ದೆ ಕಣೆ, ತಪ್ಪಿ ಅವಳಿಗೆ ಬಿತ್ತು."

ಎಲ್ಲರೂ ನಕ್ಕರು. ರಿಗ್ಮೋರಳಿಗೆ ಒಳಗೊಳಗೇ ಉರಿಯಿತು.

ಅದೇ ಸಂಜೆ ಟೀರಾಳ ತಾಯಿ ಸಿಸ್ಸೆ, ಮಗಳಿಗೆ ಬೂಟು ತೊಡಿಸುತ್ತ ಕೇಳಿದಳು: "ನಿಜ ಹೇಳಿ, ಇಲ್ಲಿ ಮಾತಾಡ್ತಾಳೆ ತಾನೆ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ರಿಗ್ಮೋರ್ ಆ ನಗು ನಕ್ಕಳು.

"ಗೊತ್ತಿತ್ತು! ನೀವು ಹೇಳಲ್ಲ ಬಿಡಿ," ಎಂದು ಸಿಸ್ಸೆ ಹೊರಟಳು.

ಸುಳ್ಳನ್ನೇನೂ ಹೇಳಲಿಲ್ಲವಲ್ಲ ಎಂದು ರಿಗ್ಮೋರ್ ಸಮಾಧಾನ ಮಾಡಿಕೊಂಡಳು. ಸಮಾಧಾನವಂತೆ, ಮಣ್ಣು! ಆಮೇಲೆ ಎರಡು ತಿಂಗಳು ಸಿಸ್ಸೆ ಕೇಳಿದಾಗಲೆಲ್ಲ ಅದೇ ನಗು.

ತೊಂಬತ್ತೆಂಟರ ಮಾರ್ಚಿನ ಒಂದು ದಿನ ಪಾತ್ರೆ ತೊಳೆಯುವಾಗ ಕಬ್ಬಿಣದ ಬಾಣಲೆ ಕೈಜಾರಿ ನೆಲಕ್ಕೆ ಬಿತ್ತು. ಮೂರು ಮಕ್ಕಳು ಬೆಚ್ಚಿಬಿದ್ದು ತಿರುಗಿದರು. ಬೆನ್ನು ಹಾಕಿ ಕೂತಿದ್ದ ಟೀರಾ ಅಲುಗಲಿಲ್ಲ. ಎದುರಿಗಿದ್ದ ಮಗುವಿನ ಮುಖ ನೋಡಿ, ಆಮೇಲೆ ಅದು ನೋಡಿದ ಕಡೆಗೆ ತಿರುಗಿದಳು.

ರಿಗ್ಮೋರ್ ಕೈ ಒರೆಸಿಕೊಂಡು ಬಂದಳು. ಟೀರಾಳ ಹಿಂದೆ ಕೂತು ಹೆಸರು ಕರೆದಳು, ಚಪ್ಪಾಳೆ ತಟ್ಟಿದಳು, ಚಮಚದಿಂದ ಪಾತ್ರೆ ಬಡಿದಳು. ಮಗು ತಿರುಗಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳಲ್ಲ? ಬರುತ್ತಿದ್ದುದು ಬೇರೆ ಮಕ್ಕಳು ಎದ್ದುದನ್ನು ಕಂಡು. ಕಿವಿಯ ಕೆಲಸವನ್ನೆಲ್ಲ ಕಣ್ಣಿಗೆ, ನೆನಪಿಗೆ ಹಚ್ಚಿ ಆ ಪುಟ್ಟ ಜೀವ ತನ್ನದೇ ದಾರಿ ಕಂಡುಕೊಂಡಿತ್ತು. ಇಪ್ಪತ್ತಾರು ವರ್ಷದ ಅನುಭವ ಅದನ್ನು ಚೂಟಿತನ ಎಂದು ಕರೆದು ಸುಮ್ಮನಾಗಿತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಎರಡು ತಿಂಗಳೆಂದರೆ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸಂಜೆ ಅವಳು ಬಾಯಿ ತೆರೆಯುವಷ್ಟರಲ್ಲಿ ಸಿಸ್ಸೆಯೇ ಶುರು ಮಾಡಿದಳು: "ರಿಗ್ಮೋರ್, ನಾನು ಕೆಲಸ ಬಿಡೋಣ ಅಂತಿದ್ದೀನಿ. ಇಲ್ಲಿ ಮಾತಾಡೋಳು ನನ್ ಹತ್ರ ಯಾಕೆ ತುಟಿ ಬಿಚ್ಚಲ್ಲ? ಅಷ್ಟು ಸಣ್ಣೋಳಿರುವಾಗ ಬಿಟ್ಟುಹೋದೆ ಅಂತ ಸಿಟ್ಟಿರ್ಬೇಕು. ದಿನಾ ಅವಳ ಮುಖ ನೋಡಿ ಕ್ಷಮೆ ಕೇಳ್ತೀನಿ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ರಿಗ್ಮೋರಳಿಗೆ.

"ಇಲ್ಲೂ ಮಾತಾಡಿಲ್ಲ ಕಣಮ್ಮ," ಎಂದಳು ತಲೆ ತಗ್ಗಿಸಿ. "ಒಂದು ಪದಾನೂ ಇಲ್ಲ. ನಾನು ಸುಮ್ನೆ ನಕ್ಕೆ. ಯೂಟ್ಟೆ ಮುಂದೆ, ಊರ ಮುಂದೆ ನನ್ ಮಾನ ಹೋಗುತ್ತೆ ಅಂತ."

ಬೈಯಲಿ ಎಂದು ಕಾದಳು. ಸಿಸ್ಸೆ ಬೈಯಲಿಲ್ಲ. ಅವಳ ಮುಖ ಅರಳಿತು.

"ಹಾಗಾದ್ರೆ ಅವಳಿಗೆ ನನ್ ಮೇಲೆ ಸಿಟ್ಟಿಲ್ವಾ?"

ಆ ಸಂತೋಷವನ್ನು ನೋಡಲಾಗದೆ ರಿಗ್ಮೋರ್ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.

"ಸಿಟ್ಟಿಲ್ಲ," ಎಂದಳು. "ಅವಳಿಗೆ ನಿನ್ ದನಿ ಕೇಳಿಸ್ತಿಲ್ಲ, ಸಿಸ್ಸೆ. ನಾನು ಮೊದಲೇ ನಿಜ ಹೇಳಿದ್ದಿದ್ರೆ ಇಷ್ಟೊತ್ತಿಗೆ ವೈದ್ಯರು ನೋಡಿರ್ತಿದ್ರು."